ಬಲಗಡೆಯ ಕೆಳಕೋಣೆ

ನಮ್ಮ ತವರಿನಲ್ಲಿ ಕಣ್ಣಿಗಿಂತ ಕಿವಿಗೆ ಬೆಲೆ ಜಾಸ್ತಿ. ಅಪ್ಪ ಕೊಬ್ಬರಿ ಆರಿಸುವುದರಲ್ಲಿ ಹೆಸರು ಮಾಡಿದವರು. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಬಿದ್ದು ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಒಂದೇ ಸಲ ಅಲ್ಲಾಡಿಸುತ್ತಿದ್ದರು. ನೀರು ಬತ್ತಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಒಳಗೆ ಲೊಟಲೊಟ ಎಂದರೆ ಅದು ಒಡೆಯುವುದಕ್ಕೆ ಬಂದಿದೆ ಎಂದರ್ಥ. ಸದ್ದು ಮಾಡದ್ದು ಇನ್ನೂ ಹಸಿ, ಇಲ್ಲವೇ ಒಳಗೇ ಕೊಳೆತದ್ದು. ಆ ವಿದ್ಯೆ ನನಗೂ ಬಂತು. ಅದರ ಜೊತೆಗೆ ಅವರ ಮೂಗಿನ ತುದಿಯ ಕೋಪವೂ ಬಂತು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಡಾಕ್ಟರು ಬಂದು ಎಲ್ಲ ಮಕ್ಕಳ ಎದೆಗೂ ಕೊಳವೆ ಇಟ್ಟು ನೋಡಿದರು. ನನಗೆ ಮಾತ್ರ ಎರಡೆರಡು ಸಲ ಇಟ್ಟರು. ಸಂಜೆ ಮೇಷ್ಟ್ರು ಮನೆಗೇ ಬಂದು, ಹುಡುಗಿಯ ಎದೆಯಲ್ಲಿ ಏನೋ ಸದ್ದಿದೆಯಂತೆ, ದೊಡ್ಡಾಸ್ಪತ್ರೆಗೆ ತೋರಿಸಬೇಕಂತೆ ಎಂದರು. ಅಪ್ಪನ ಮುಖ ಅರಳಿತು.

"ಸದ್ದು ಐತಾ? ಹಂಗಾದ್ರೆ ಒಳಗೆ ಚೆನ್ನಾಗೈತೆ ಬುಡಿ ಮೇಷ್ಟ್ರೇ" ಎಂದು ಕಾಫಿ ಕುಡಿಸಿ ಕಳಿಸಿದರು.

ತಮಾಷೆಗೆ ಹೇಳಿದ್ದಲ್ಲ, ನಿಜವಾಗಿಯೂ ಹಾಗೆ ನಂಬಿದ್ದರು. ಅಮ್ಮ ಅಕ್ಕಪಕ್ಕದ ಮನೆಗೂ ಹೋಗಿ, ನಮ್ಮ ಹುಡುಗಿ ಗಟ್ಟಿಮುಟ್ಟು ಅಂತ ಡಾಕ್ಟರೇ ಹೇಳಿದರಂತೆ ಎಂದು ಸಾರಿ ಬಂದಳು. ಕೊಬ್ಬರಿ ಮನೆಯವರಲ್ಲದೆ ಇಂಥ ತಪ್ಪನ್ನು ಇನ್ಯಾರೂ ಮಾಡಲಾರರು. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಗೊತ್ತಿದ್ದ ಪರೀಕ್ಷೆ ಅದೊಂದೇ.

ಮದುವೆಯಾಗಿ ಕಿಬ್ಬನಹಳ್ಳಿ ಕಡೆಯ ಈ ಊರಿಗೆ ಬಂದೆ. ಗಂಡ ಬಲು ಮೆತ್ತಗಿನ ಮನುಷ್ಯ. ಜೋರೆಲ್ಲ ಅವರ ಅಣ್ಣನದು. ಭಾವನವರ ಮನೆ ನಮ್ಮ ಗೋಡೆಗೆ ಅಂಟಿಕೊಂಡೇ ಇದೆ, ತೋಟ ಇನ್ನೂ ಒಟ್ಟಿಗೇ ಇದೆ. ಭಾವನವರ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಏನಾದರೂ ಹೇಳಬೇಕಾದರೆ ಬಾಗಿಲ ಹಿಂದೆ ನಿಂತು ಗಂಡನಿಗೆ ಹೇಳಬೇಕು, ಗಂಡ ಇಲ್ಲದಿದ್ದರೆ ಗೋಡೆಗೆ ಹೇಳಬೇಕು. ತೋಟಕ್ಕೆ ನೀರು ಬಿಡುವ ಹೊತ್ತಾಯಿತು ಎಂದು ನಾನು ಗೋಡೆಗೆ ಹೇಳಿದರೆ, ಕರೆಂಟು ಬಂದಿಲ್ಲ ಎಂದು ಅವರೂ ಗೋಡೆಗೇ ಉತ್ತರ ಕೊಡುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ ನಮ್ಮಿಬ್ಬರ ಮಾತನ್ನೆಲ್ಲ ಆ ಗೋಡೆ ಕೇಳಿಸಿಕೊಂಡಿತು.

ಐವತ್ತು ದಾಟಿದ ವರ್ಷ ಅಟ್ಟದ ಏಣಿಯ ಅರ್ಧದಲ್ಲಿ ನಿಂತುಬಿಟ್ಟೆ. ಉಸಿರು ಸಿಗಲಿಲ್ಲ. ಮೊದಲು ಕೊಬ್ಬರಿ ಧೂಳು ಎಂದುಕೊಂಡೆವು, ಆಮೇಲೆ ಗ್ಯಾಸು, ಆಮೇಲೆ ವಯಸ್ಸು. ಪಾದ ಊದಿಕೊಂಡು ಚಪ್ಪಲಿ ಹಿಡಿಯದಂತಾದಾಗ ಮಾತ್ರ ಪೇಟೆಯ ಡಾಕ್ಟರ ಹತ್ತಿರ ಹೋದೆವು. ಗಂಡನ ಜೊತೆ ಭಾವನವರೂ ಬಂದರು. ಅಂಥ ಕಡೆ ಅವರಿಲ್ಲದೆ ನಮ್ಮ ಮನೆಯವರು ಬಾಯಿ ಬಿಡುವುದಿಲ್ಲ.

ಡಾಕ್ಟರು ವಯಸ್ಸಾದವರು, ಒಳ್ಳೆಯವರು. ಎಕೋ ಮಾಡಿಸಿ ನೋಡಿ, ಒಂದು ಹಾಳೆಯ ಮೇಲೆ ಎದೆಗುಂಡಿಗೆಯ ಚಿತ್ರ ಬರೆದರು. ಮೇಲೆ ಎರಡು ಕೋಣೆ, ಕೆಳಗೆ ಎರಡು ಕೋಣೆ. ಮೇಲಿನ ಎರಡರ ನಡುವಿನ ಗೋಡೆಯಲ್ಲಿ ನನಗೆ ಹುಟ್ಟಿದಾಗಿನಿಂದ ಒಂದು ತೂತಿತ್ತು. ಎಡಗಡೆಯ ರಕ್ತ ಆ ತೂತಿನಿಂದ ಬಲಗಡೆಗೆ ನುಗ್ಗಿ, ಬಲಗಡೆಯ ಕೆಳಕೋಣೆ ಐವತ್ತು ವರ್ಷ ತನ್ನ ಪಾಲಿನದರ ಜೊತೆಗೆ ಪರರ ಪಾಲಿನದನ್ನೂ ದುಡಿದು ಹಿಗ್ಗಿಹೋಗಿತ್ತು. ಇದನ್ನು ಕೇಳಿದಾಗ, ನಮ್ಮ ಮನೆಯಲ್ಲಿ ಇಂಥ ಸೊಸೆ ನಾನೊಬ್ಬಳೇ ಅಲ್ಲ, ನನ್ನ ಎದೆಯೊಳಗೆ ಇನ್ನೊಬ್ಬಳಿದ್ದಾಳೆ ಅನ್ನಿಸಿತು.

"ತೂತು ಮುಚ್ಚಬೋದಿತ್ತು. ಆದ್ರೆ ಬಲಗಡೆ ಕೋಣೆ ಸೋತುಹೋಗಿದೆಯಮ್ಮ. ಈಗ ಕೈ ಹಾಕಿದ್ರೆ ತಡೆಯಲ್ಲ. ಕಾಲ ಮೀರಿತು" ಎಂದರು ಡಾಕ್ಟರು.

ಎಷ್ಟು ಸೋತಿದೆ ಎಂದು ಕೇಳಿದೆ. ಆ ಕೋಣೆ ಎದೆಮೂಳೆಯ ಹಿಂದೆ ಅಡಗಿರುತ್ತದೆ, ಆಕಾರವೂ ಸೊಟ್ಟ, ಎಕೋದಲ್ಲಿ ಸರಿಯಾಗಿ ಕಾಣುವುದಿಲ್ಲ, ಅನುಭವದ ಮೇಲೆ ಹೇಳುತ್ತಿದ್ದೇನೆ ಎಂದರು. ಮಾತ್ರೆ ಬರೆದುಕೊಟ್ಟರು. ಇನ್ನೊಂದು ಮಾತು ಕೇಳುವಷ್ಟರಲ್ಲಿ ಭಾವನವರು ಎದ್ದು ನಿಂತು, ಡಾಕ್ಟರೇ ಹೇಳಿದ ಮೇಲೆ ಮುಗಿಯಿತು ಎಂದು ಕೈಮುಗಿದರು. ನನ್ನ ಆಯಸ್ಸಿನ ತೀರ್ಮಾನ ಅಷ್ಟರಲ್ಲಿ ಆಗಿಹೋಯಿತು.

ಮಾರನೆಯ ದಿನ ಏಣಿಯನ್ನು ಭಾವನವರ ಹಿತ್ತಲಿಗೆ ಸಾಗಿಸಿದರು. ನನ್ನನ್ನು ಜಗುಲಿಯ ಮೇಲೆ ಕೂರಿಸಿ ಮೊರದ ತುಂಬ ಅವರೆಕಾಯಿ ಕೊಟ್ಟರು. ಸಂತೆಯಿಂದ ತಂದ ಗಾಜಿನ ಸಾಮಾನಿನ ಹಾಗೆ ಎಲ್ಲರೂ ನನ್ನ ಸುತ್ತ ಮೆಲ್ಲಗೆ ಓಡಾಡಿದರು. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಅವರೆಕಾಯಿ ಸುಲಿಯುತ್ತ ಸುಲಿಯುತ್ತ ಕಣ್ಣು ತುಂಬಿಕೊಳ್ಳುತ್ತಿತ್ತು. ಮಗಳು ಏಳು ತಿಂಗಳ ಬಸುರಿ, ಹೆರಿಗೆಗೆಂದು ಮನೆಗೆ ಬಂದಿದ್ದಳು. ಅವಳ ಬಾಣಂತನ ಮಾಡಲು ನಾನಿರುತ್ತೇನೋ ಇಲ್ಲವೋ ಎಂಬ ಯೋಚನೆ ನನಗಿದ್ದ ಹಾಗೆ ಅವಳಿಗೂ ಇತ್ತು.

ಹೀಗೆ ಒಂದು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಭಾವನವರ ಅಂಗಳದಲ್ಲಿ ಕೊಬ್ಬರಿ ರಾಶಿ ಬಿದ್ದಿತ್ತು. ಹೊಸ ವ್ಯಾಪಾರಿಯೊಬ್ಬ ಬಂದು ರಾಶಿಯ ಮೇಲಿನ ನಾಲ್ಕು ಉಂಡೆ ಎತ್ತಿ ನೋಡಿ, ಮಾಲು ಕಪ್ಪಾಗಿದೆ ಎಂದು ಮೂಗು ಮುರಿದ. ಅಟ್ಟದ ಸೋರುವ ಮೂಲೆಯಲ್ಲಿದ್ದ ಕೊಬ್ಬರಿ ಕೊನೆಗೆ ಬಂದು ಮೇಲೆ ಬಿದ್ದಿತ್ತು. ತಳದಲ್ಲಿದ್ದದ್ದೆಲ್ಲ ಚಿನ್ನದಂಥ ಮಾಲು. ಭಾವನವರು ಕೆಂಡವಾದರು.

"ಮೇಲಿಂದ ನೋಡಿ ಹೇಳ್ತೀಯೇನಯ್ಯಾ? ತಳಕ್ಕೆ ಕೈ ಹಾಕು. ಅಳತೆ ಮಾಡ್ದೆ ಕೆಟ್ಟೋಗೈತೆ ಅನ್ನೋಕೆ ನೀನ್ಯಾವನು?"

ನಾನು ಜಗುಲಿಯಿಂದ ಎದ್ದದ್ದು ನೆನಪಿದೆ. ಮೊರ ಉರುಳಿದ್ದು ನೆನಪಿದೆ. ಗೋಡೆಯನ್ನು ಬಳಸಿಕೊಂಡು ಅವರ ಅಂಗಳಕ್ಕೆ ಹೋಗಿ, ವ್ಯಾಪಾರಿಯ ಎದುರಿಗೇ, ಭಾವನವರ ಮುಖ ನೋಡಿಕೊಂಡು ಮಾತಾಡಿದೆ.

"ಭಾವ, ಕೊಬ್ಬರಿಗಿರೋ ನ್ಯಾಯ ನನ್ನ ಎದೆಗಿಲ್ವಾ? ಅದನ್ನೂ ಮೇಲಿಂದ ನೋಡಿ ಕೆಟ್ಟೋಯ್ತು ಅಂದವ್ರೆ. ನೀವು ಕೈಮುಗಿದು ಬಂದ್ರಿ."

ಏದುಸಿರು ಬಿಡುತ್ತ ಅಲ್ಲೇ ನಿಂತೆ. ಗಂಡ ಓಡಿ ಬಂದು ಕೈ ಹಿಡಿದುಕೊಂಡರು. ಭಾವನವರು ನನ್ನನ್ನು ನೋಡಿದರು, ಗೋಡೆಯನ್ನು ನೋಡಿದರು. ಒಳಗೆ ಹೋದರು. ನಮ್ಮ ಮನೆಯಲ್ಲಿ ಇನ್ನು ಬೆಂಕಿ ಬೀಳುತ್ತದೆ ಎಂದುಕೊಂಡೆ. ಸಂಜೆ ಅವರೇ ನಮ್ಮ ಬಾಗಿಲಿಗೆ ಬಂದು, ಗಂಡನಿಗಲ್ಲ, ಗೋಡೆಗೂ ಅಲ್ಲ, ನನಗೇ ಹೇಳಿದರು: ನಾಳಿದ್ದು ಬೆಂಗಳೂರಿಗೆ ಹೋಗಲು ಕಾರು ಹೇಳಿದ್ದೇನೆ, ಹಳೆಯ ಕಾಗದ ಎಲ್ಲ ಇಟ್ಟುಕೊ.

ಗಂಡ, ನಾನು ಇಬ್ಬರೇ ಹೋದೆವು, ಕಾರು ಅವತ್ತೇ ಊರಿಗೆ ಹಿಂದಿರುಗಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ್ದು ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಿರಬಹುದಾದ ಡಾಕ್ಟರಮ್ಮ. ಶ್ವಾಸಕೋಶದ ಒತ್ತಡ ಪರೀಕ್ಷಿಸಿ, ಅದು ಮಿತಿಯಲ್ಲೇ ಇದೆ ಎಂದಳು. ಉಳಿದದ್ದು ಒಂದೇ ಪ್ರಶ್ನೆ. ಬಲಗಡೆಯ ಕೆಳಕೋಣೆಯಲ್ಲಿ ಶಕ್ತಿ ಇದ್ದರೆ ತೂತು ಮುಚ್ಚಬಹುದು, ಇಲ್ಲದಿದ್ದರೆ ಪೇಟೆಯ ಡಾಕ್ಟರು ಹೇಳಿದ್ದೇ ಸರಿ. ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ ಉಸಿರು ಕಟ್ಟಿ ಎಂದರು. ಕಟ್ಟಲು ಉಸಿರಾದರೂ ಬೇಕಲ್ಲ. ಮೂರು ಸಲ ಸೋತು ಹೊರಗೆ ಬಂದೆ. ಗಂಡನ ಮುಖ ಬಾಡಿತು. ಆಗ ಡಾಕ್ಟರಮ್ಮ ನ್ಯೂಕ್ಲಿಯರ್ ಸ್ಕ್ಯಾನ್ ಮಾಡೋಣ ಎಂದಳು.

ಗಂಡ ಅಲ್ಲಿಯವರೆಗೆ ಆಸ್ಪತ್ರೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಈಗ ಮೆಲ್ಲಗೆ, ಅದು ಬಾಂಬಿಗೆ ಹಾಕುವುದಲ್ಲವೇ ಎಂದು ಕೇಳಿದರು. ಡಾಕ್ಟರಮ್ಮ ನಗಲಿಲ್ಲ, ಅದಕ್ಕೇ ಅವಳು ನನಗೆ ಹಿಡಿಸಿದಳು. ವಿಕಿರಣ ಸೂಸುವ ಔಷಧಿಯನ್ನು ಚೂರೇ ಚೂರು ರಕ್ತದಲ್ಲಿ ಬೆರೆಸುತ್ತೇವೆ, ಒಂದು ದಿನದಲ್ಲಿ ಅದು ಹೆಚ್ಚುಕಡಿಮೆ ಇಲ್ಲವಾಗುತ್ತದೆ, ಆ ರಕ್ತ ಎದೆಯ ಕೋಣೆಗಳಿಗೆ ಹೋಗಿ ಬರುವುದನ್ನು ಕ್ಯಾಮೆರಾ ಹೊರಗಿನಿಂದಲೇ ಹಿಡಿಯುತ್ತದೆ ಎಂದು ವಿವರಿಸಿದಳು. ಕೋಣೆಯ ಆಕಾರ ಸೊಟ್ಟಗಿದ್ದರೂ ಇದಕ್ಕೆ ಚಿಂತೆಯಿಲ್ಲವಂತೆ. ಅದು ಆಕಾರ ನೋಡಿ ಊಹಿಸುವುದಿಲ್ಲ, ಎಣಿಸುತ್ತದೆ. ಕೋಣೆ ತುಂಬಿದಾಗ ಎಷ್ಟಿತ್ತು, ಹಿಂಡಿದ ಮೇಲೆ ಎಷ್ಟು ಉಳಿಯಿತು, ಅಷ್ಟೇ ಲೆಕ್ಕ.

"ಅಂದ್ರೆ ಮಕ್ಕರಿ ಎಷ್ಟು ದೊಡ್ಡದು ಅಂತಲ್ಲ, ಬಗ್ಗಿಸಿದಾಗ ಎಷ್ಟು ಬಿತ್ತು ಅಂತ" ಎಂದೆ.

"ಅದೇ ಅಮ್ಮ. ಇನ್ಮೇಲೆ ನಾನೂ ಹೀಗೇ ಹೇಳ್ತೀನಿ" ಎಂದಳು. ನನಗೆ ಅಲ್ಲೇ ಅರ್ಧ ಜ್ವರ ಬಿಟ್ಟಂತಾಯಿತು. ಕೊನೆಗೂ ತಳಕ್ಕೆ ಕೈ ಹಾಕುವವರು ಸಿಕ್ಕಿದ್ದರು.

ಪರೀಕ್ಷೆಯ ದಿನ ಮೊದಲು ಒಂದು ಸೂಜಿ ಚುಚ್ಚಿದರು. ಅದರಲ್ಲಿ ವಿಕಿರಣವಿಲ್ಲ, ಮುಂದೆ ಬರುವ ಔಷಧಿ ರಕ್ತಕಣಕ್ಕೆ ಅಂಟಿಕೊಳ್ಳಲಿ ಎಂದು ಹದ ಮಾಡುವುದಂತೆ. ಅರ್ಧ ಗಂಟೆ ಕೂರಿಸಿದರು. ಆಮೇಲೆ ತಣ್ಣಗಿನ ಒಂದು ಕೋಣೆ, ಕಿರಿದಾದ ಒಂದು ಹಲಗೆ. ಎದೆಗೆ ತಂತಿ ಅಂಟಿಸಿ, ರಾಗಿ ಬೀಸುವ ಕಲ್ಲಿನಷ್ಟು ಅಗಲದ ಕ್ಯಾಮೆರಾವನ್ನು ಎದೆಯ ಮೇಲೆ ತಂದು ನಿಲ್ಲಿಸಿದರು. ಅದು ಮೈಗೆ ತಾಗಲಿಲ್ಲ, ಆದರೆ ತಾಗಿಯೇಬಿಡುತ್ತದೆ ಅನ್ನಿಸುವಷ್ಟು ಹತ್ತಿರ. ಯಂತ್ರ ನಡೆಸುವಾತ ಹಾಸನದ ಕಡೆಯವನು, ಮಾತಿನಲ್ಲೇ ಗೊತ್ತಾಯಿತು. ಉಸಿರು ಕಟ್ಟಬೇಡಿ, ಅಲುಗಾಡಬೇಡಿ, ಅಷ್ಟೇ ಎಂದ. ಎರಡನೆಯ ಸೂಜಿಯ ಔಷಧಿಯನ್ನು ತೋಳಿನ ನರಕ್ಕೆ ಒಂದೇ ಏಟಿಗೆ ತಳ್ಳಿದರು. ನನಗೆ ಏನೂ ಅನ್ನಿಸಲಿಲ್ಲ. ಅಷ್ಟು ದೊಡ್ಡ ಹೆಸರಿನದ್ದು ಇಷ್ಟು ಸಪ್ಪೆಯೇ ಎಂದು ಬೇಜಾರೇ ಆಯಿತು.

ಮದುವೆಯಾದಾಗಿನಿಂದ ಹಗಲು ಹೊತ್ತಿನಲ್ಲಿ ನಾನು ಅಷ್ಟು ಹೊತ್ತು ಅಲುಗಾಡದೆ ಮಲಗಿದ್ದು ಅದೇ ಮೊದಲು. ಮೂಗಿನ ಪಕ್ಕ ತುರಿಸಿತು, ತಡೆದುಕೊಂಡೆ. ಮಲಗಿದಲ್ಲೇ ಆ ಬಲಗಡೆಯವಳ ಜೊತೆ ಮಾತಾಡಿದೆ. ನಿನ್ನನ್ನು ಸೋತವಳು ಅಂದಿದ್ದಾರೆ, ಇವತ್ತು ನಿನ್ನ ದುಡಿಮೆ ಎಣಿಸುತ್ತಿದ್ದಾರೆ, ಮಾನ ಕಳೆಯಬೇಡ ಎಂದು ಗದರಿದೆ. ದೇವರಿಗೂ ಹೇಳಿಕೊಂಡೆ, ಆದರೆ ಹೆಚ್ಚು ಹೇಳಿದ್ದು ಅವಳಿಗೆ.

ಮುಗಿದ ಮೇಲೆ ತೋರಿಸು ಎಂದು ಹಾಸನದವನ ಬೆನ್ನು ಹತ್ತಿದೆ. ಅರ್ಥ ಹೇಳುವುದು ಡಾಕ್ಟರ ಕೆಲಸ, ನನ್ನದಲ್ಲ ಎಂದು ಮೊದಲೇ ಹೇಳಿ, ಪರದೆ ತಿರುಗಿಸಿದ. ಕಪ್ಪು ಹಿನ್ನೆಲೆಯಲ್ಲಿ ಎರಡು ಬೆಳಕಿನ ಮುದ್ದೆಗಳು ಒಂದನ್ನೊಂದು ತಬ್ಬಿಕೊಂಡು ಉಬ್ಬುತ್ತ ಕುಗ್ಗುತ್ತ ಇದ್ದವು. ಇದು ಎಡಗಡೆಯದು, ಇದು ಬಲಗಡೆಯದು ಎಂದು ಬೆರಳಿಟ್ಟ. ಬಲಗಡೆಯದು ಅಗಲವಾಗಿ, ಸ್ವಲ್ಪ ಒಡ್ಡೊಡ್ಡಾಗಿ ಇತ್ತು. ಆದರೆ ಕುಗ್ಗುತ್ತಿತ್ತು. ನನ್ನ ಕಣ್ಣಿಗೆ ಅದು ಚೆನ್ನಾಗಿಯೇ ಕುಗ್ಗುತ್ತಿತ್ತು. ಆದರೆ ನೋಡಿ ಹೇಳುವವರ ಮೇಲೆ ಅಷ್ಟು ಎಗರಾಡಿದ ನಾನು ಈಗ ನೋಡಿ ಹೇಳಬಾರದೆಂದು ಬಾಯಿ ಮುಚ್ಚಿಕೊಂಡೆ.

ವರದಿ ಎರಡು ದಿನ ತಡವಾಗುತ್ತದೆ, ಫೋನು ಮಾಡುತ್ತೇವೆ ಎಂದರು. ಇವತ್ತೊಂದು ದಿನ ಬಸುರಿಯರಿಂದ, ಎಳೆಮಕ್ಕಳಿಂದ ಸ್ವಲ್ಪ ದೂರ ಇರಿ ಎಂದೂ ಹೇಳಿದರು. ಗಂಡ ಅದನ್ನು ಫೋನಿನಲ್ಲಿ ಊರಿಗೆ ಮುಟ್ಟಿಸಿದ್ದೇ ತಪ್ಪಾಯಿತು. ನಾವು ತಿಪಟೂರಿನಲ್ಲಿ ರೈಲು ಇಳಿದು ಮನೆ ಸೇರುವಷ್ಟರಲ್ಲಿ ಮಗಳನ್ನು ಭಾವನವರ ಮನೆಗೆ ಸಾಗಿಸಿಯಾಗಿತ್ತು. ಹಿತ್ತಲ ಕಡೆಯ ಜಗುಲಿಯಲ್ಲಿ ನನಗೊಂದು ಚಾಪೆ, ಒಂದು ತಟ್ಟೆ, ಒಂದು ಲೋಟ ಬೇರೆಯಾಗಿ ಇಟ್ಟಿದ್ದರು. ಒಂದು ದಿನ ಸಾಕು ಎಂದರೆ ಭಾವನವರು ಕೇಳಲಿಲ್ಲ. ಯಾವುದಕ್ಕೂ ಮೂರು ದಿನ ಇರಲಿ, ಅಟ್ಟದ ಕೆಳಗೂ ಬರುವುದು ಬೇಡ, ಕೊಬ್ಬರಿಗೆ ತಾಕಿದರೆ ಕಷ್ಟ ಎಂದರು. ಹೀಗೆ ಐವತ್ತು ದಾಟಿದ ಮೇಲೆ ನಾನು ಮತ್ತೆ ಮೂರು ದಿನ ಹೊರಗೆ ಕೂತೆ. ಮಗಳು ಗೋಡೆಯ ಆಚೆಯಿಂದ ನಗುವುದು ಕೇಳಿಸುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಬಂತು. ಗಂಡ ಅದನ್ನು ಸ್ಪೀಕರಿಗೆ ಹಾಕಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟರು. ಭಾವನವರು ಅರ್ಧ ಊಟದಲ್ಲಿ ಎಂಜಲು ಕೈಯಲ್ಲೇ ಬಂದು ನಿಂತರು.

"ಅಮ್ಮ, ನಿಮ್ಮ ಬಲಗಡೆ ಕೋಣೆ ಹಿಗ್ಗಿದೆ, ಆದ್ರೆ ಸೋತಿಲ್ಲ. ನಾವು ಅಂದುಕೊಂಡಿದ್ದಕ್ಕಿಂತ ಎಷ್ಟೋ ಗಟ್ಟಿಯಾಗಿ ಹಿಂಡ್ತಾ ಇದೆ. ತೂತು ಮುಚ್ಚೋಣ, ಬನ್ನಿ" ಎಂದಳು ಡಾಕ್ಟರಮ್ಮ.

ಗಂಡ ಅಲ್ಲೇ ನೆಲದ ಮೇಲೆ ಕೂತು ಅತ್ತರು. ನನಗೆ ಅಳು ಬರಲಿಲ್ಲ. ಅಂಥ ಹೆಮ್ಮೆ ನನಗೆ ನನ್ನ ಮೇಲೆ ಯಾವತ್ತೂ ಆಗಿರಲಿಲ್ಲ. ಮಕ್ಕಳು ಪಾಸಾದಾಗ ಆಗಿದೆ, ತೋಟ ಫಲ ಬಿಟ್ಟಾಗ ಆಗಿದೆ. ಇದು ನನ್ನದೇ, ನನ್ನ ಮೈಯೊಳಗೆ ಯಾರಿಗೂ ಕಾಣದ ಹಾಗೆ ಐವತ್ತು ವರ್ಷ ದುಡಿದವಳದು. ಮೂರು ದಿನ ಮುಗಿಯಲು ಇನ್ನೂ ಅರ್ಧ ದಿನವಿತ್ತು, ಆದರೂ ಭಾವನವರು ನನ್ನ ಚಾಪೆಯನ್ನು ತಾವೇ ಸುತ್ತಿ ಒಳಗೆ ತಂದಿಟ್ಟರು.

ಎದೆ ಸೀಳಲಿಲ್ಲ. ತೊಡೆಯ ನರದಿಂದ ಒಂದು ಪುಟ್ಟ ಮುಚ್ಚಳವನ್ನು ತೂರಿಸಿ, ಮೇಲೆ ಹೋಗಿ ಬಿಚ್ಚಿಕೊಳ್ಳುವ ಹಾಗೆ ಮಾಡಿ, ತೂತು ಮುಚ್ಚಿದರು. ಮೊಮ್ಮಗಳು ಹುಟ್ಟಿದಾಗ ಬಾಣಂತಿಗೆ ನೀರು ಹಾಕಿದ್ದು ನಾನೇ. ಸುಮಾರು ಎಂಟು ತಿಂಗಳಾದ ಮೇಲೆ ಅದೇ ಹಲಗೆಯ ಮೇಲೆ ಮತ್ತೆ ಮಲಗಿದೆ. ಹಿಗ್ಗಿದ್ದ ಕೋಣೆ ಕುಗ್ಗಿ ತನ್ನ ಅಳತೆಗೆ ಬರುತ್ತಿದೆ, ಹಿಂಡುವ ಬಲ ಇನ್ನೂ ಏರಿದೆ ಎಂದು ವರದಿ ಬಂತು. ಪರರ ಪಾಲಿನ ದುಡಿಮೆ ತಪ್ಪಿದರೆ ಯಾರಾದರೂ ಚೇತರಿಸಿಕೊಳ್ಳುತ್ತಾರೆ.

ಆ ಎರಡೂ ವರದಿ ಹಿಡಿದುಕೊಂಡು ನಾನೊಬ್ಬಳೇ ಬಸ್ಸು ಹತ್ತಿ ಪೇಟೆಯ ಡಾಕ್ಟರ ಹತ್ತಿರ ಹೋದೆ. ಒಳ್ಳೆಯ ಮನಸ್ಸಿನಿಂದ ಹೋದೆ ಎಂದು ಹೇಳಲಾರೆ. ಅವರ ಮೇಜಿನ ಮೇಲೆ ಕಾಗದ ಇಟ್ಟು ಅವರ ಮುಖ ನೋಡಬೇಕು ಎಂಬ ಒಂದೇ ಆಸೆ ಇತ್ತು. ಆಡಬೇಕಾದ ಮಾತನ್ನೆಲ್ಲ ಬಸ್ಸಿನಲ್ಲೇ ಜೋಡಿಸಿಕೊಂಡಿದ್ದೆ.

ಡಾಕ್ಟರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಆಮೇಲೆ ಕಾಗದವನ್ನು ಜೋಪಾನವಾಗಿ ಮಡಿಸಿ ನನಗೆ ಕೊಟ್ಟರು.

"ನಾನು ಅಳತೆ ಮಾಡಿಸ್ಲಿಲ್ಲ. ಮಾಡಿಸ್ಬೇಕಿತ್ತು" ಎಂದರು.

ಜೋಡಿಸಿಕೊಂಡು ಬಂದ ಮಾತೆಲ್ಲ ನನ್ನ ಬಾಯಲ್ಲೇ ಕರಗಿತು. ಅವರು ಗಂಟೆ ಒತ್ತಿ, ಮಾತ್ರೆಗೆಂದು ಬಂದು ಹೊರಗೆ ಕೂತಿದ್ದ ಒಬ್ಬ ಹೆಂಗಸನ್ನು ಕರೆಸಿದರು. ಹಂದನಕೆರೆ ಕಡೆಯವಳು, ಮೂವತ್ತೈದರ ಆಸುಪಾಸು, ಪಾದದ ಮೇಲೆ ಚಪ್ಪಲಿಯ ಪಟ್ಟಿ ಒತ್ತಿಕೊಂಡಿತ್ತು. ಹಿಂದೆಯೇ ಅವಳ ಗಂಡ. ಇವಳಿಗೂ ಅದೇ ತೂತು, ಹೋದ ವಾರ ಇವಳಿಗೂ ಕಾಲ ಮೀರಿತು ಎಂದು ಹೇಳಿ ಕಳಿಸಿದ್ದೆ ಎಂದು ಡಾಕ್ಟರು ನನ್ನ ಎದುರಿಗೇ ಒಪ್ಪಿಕೊಂಡು, ಬೆಂಗಳೂರಿನ ಆ ಪರೀಕ್ಷೆಗೆ ಪತ್ರ ಬರೆಯತೊಡಗಿದರು. ಅವಳ ಗಂಡ ಎಲ್ಲ ಪ್ರಶ್ನೆಯನ್ನೂ ತಾನೇ ಕೇಳುತ್ತಿದ್ದ. ಅವಳು ನನ್ನನ್ನೇ ನೋಡುತ್ತಿದ್ದಳು. ನಾನೂ ನಿನ್ನ ಹಾಗೇ ಇದ್ದೆ, ಈಗ ಹೀಗಿದ್ದೇನೆ ಎಂದು ಹೇಳಿದೆ. ಅವಳು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು.

"ನಂದು ನಿಜವಾಗ್ಲೂ ಸೋತೋಗಿದ್ರೆ ಏನ್ಮಾಡ್ಲಿ ಅಕ್ಕ?"

ಅದಕ್ಕೆ ಸುಳ್ಳು ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ.

"ಸೋತಿದ್ರೆ ಸೋತೈತೆ ಅಂತ ಗೊತ್ತಾಯ್ತದೆ ಕಣಮ್ಮ. ಅದುಕ್ಕೂ ಏನೋ ದಾರಿ ನೋಡ್ತಾರೆ. ಅಳತೆ ಮಾಡ್ದೆ ಮಾತ್ರ ಸೋತೆ ಅಂತ ಒಪ್ಕೋಬ್ಯಾಡ."

ಡಾಕ್ಟರು ಪತ್ರ ಬರೆದು ಮುಗಿಸಿ ಅವಳ ಗಂಡನತ್ತ ಚಾಚಿದರು. ಅವನು ಕೈ ನೀಡುವಷ್ಟರಲ್ಲಿ ಅವಳೇ ಮುಂದೆ ಬಾಗಿ ಅದನ್ನು ಇಸಿದುಕೊಂಡಳು.